ಮುಂದಿನ ಆವೃತ್ತಿಯಲ್ಲಿ ಜೋಡಿಸಲಾಗುವುದು

ಸಮುದ್ರ ಎರಡನೆಯ ಸಲ ಏರಿದ ಮೇಲಿನ ನಲವತ್ತನೆಯ ವರ್ಷ, ಎರಡನೆಯ ಆಷಾಢದ ಅಮಾವಾಸ್ಯೆ. ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು. ನಾನು ಬರೆಯುತ್ತಿರುವ ಈ ಯಂತ್ರದ ಒಳಗಿನ ಲೆಕ್ಕದಲ್ಲಿ ಮಾತ್ರ ಇವತ್ತೂ ಶುಕ್ರವಾರದ ಸಂಜೆ. ನೀವು ಇನ್ನೂ ಮನೆಗೆ ಹೊರಟಿಲ್ಲ.

ಮುರಳೀಧರ ಅವರೇ,

ಹಿಂದಿನ ಕಾಲದವರಿಗೆ ಬರೆಯುವಾಗ ಮೊದಲು ನಮ್ಮ ಮಾತಿನ ವಿಚಿತ್ರಕ್ಕೆ ಕ್ಷಮೆ ಕೇಳಬೇಕು ಎಂಬ ವಾಡಿಕೆ ನಮ್ಮಲ್ಲಿದೆ. ಕೇಳಿದ್ದೇನೆ ಎಂದುಕೊಳ್ಳಿ. ನಿಮಗೆ ತಿಳಿಯದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಅದು ನಿಮ್ಮ ಮೇಲಿನ ಗೌರವಕ್ಕಲ್ಲ, ಬೈಗುಳ ಪೂರ್ತಿಯಾಗಿ ತಲುಪಲಿ ಎಂದು. ನಿಮ್ಮ ಹೆಸರು ನನಗೆ ಹೇಗೆ ಗೊತ್ತು ಎಂದರೆ, ನೀವು ಮಾಡಿಟ್ಟುಹೋದ ಎರಡು ಸಾಫ್ಟ್‌ವೇರ್‌ಗಳಲ್ಲೂ 'ಇದರ ಬಗ್ಗೆ' ಎಂಬ ಸಾಲನ್ನು ಒತ್ತಿದರೆ ಒಂದು ಸಣ್ಣ ಚೌಕ ತೆರೆಯುತ್ತದೆ, ಅದರಲ್ಲಿ ನಿಮ್ಮ ಹೆಸರಿದೆ. ಎರಡಕ್ಕೂ ಹೆಸರು ಹಾಕಿಕೊಳ್ಳುವಷ್ಟು ಬಿಡುವು ನಿಮಗೆ ಸಿಕ್ಕಿತ್ತು. ಎರಡನ್ನೂ ಒಂದಕ್ಕೊಂದು ಜೋಡಿಸುವುದಕ್ಕೆ ಸಿಗಲಿಲ್ಲ. ಇಡೀ ಪತ್ರದ ಸಾರ ಇಷ್ಟೇ. ಓದುವ ತಾಳ್ಮೆ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ನಿಮ್ಮ ತಾಳ್ಮೆಯ ಅಳತೆ ನಮಗೆ ಚೆನ್ನಾಗಿ ಗೊತ್ತಿದೆ.

ನನ್ನ ಹೆಸರು ಮಾದೇವಿ. ನಿಮ್ಮ ಕಾಲದಲ್ಲಿ ಕುಮಟೆಯ ಆಸುಪಾಸಿನ ಗಜನಿ ಗದ್ದೆಗಳು ಎನ್ನುತ್ತಿದ್ದಿರಲ್ಲ, ಹೊಳೆಯೂ ಸಮುದ್ರವೂ ಕೂಡುವಲ್ಲಿ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಕಗ್ಗದ ಭತ್ತ ಬೆಳೆಯುವ ತಗ್ಗು ಜಾಗ, ನಾವು ಅಲ್ಲಿಯವರು. ನಿಮ್ಮ ಕಾಲದ ಒಡ್ಡು ಆಳೆತ್ತರ ಇತ್ತಂತೆ. ಈಗಿನದು ಗುಡ್ಡದಷ್ಟಿದೆ, ನಾವೆಲ್ಲ ಅದರ ಒಳಗೆ ಸಮುದ್ರಕ್ಕಿಂತ ತಗ್ಗಿನಲ್ಲಿ ಬದುಕುತ್ತೇವೆ. ಒಡ್ಡಿನಲ್ಲಿ ಮನೆಯಷ್ಟು ಎತ್ತರದ ಕಬ್ಬಿಣದ ಬಾಗಿಲುಗಳಿವೆ. ನೀರು ಇಳಿದಾಗ ಅವು ತೆರೆದು ಗದ್ದೆಯ ನೀರು ಹೊರಗೆ ಹೋಗಬೇಕು, ನೀರು ಏರಿದಾಗ ಮುಚ್ಚಬೇಕು. ಮನುಷ್ಯರು ಕೈಯಿಂದ ಎಳೆದು ಮುಚ್ಚುವ ಬಾಗಿಲುಗಳಲ್ಲ ಅವು. ನಿಮ್ಮ ಸಾಫ್ಟ್‌ವೇರ್ ಹೇಳಿದಂತೆ ಏಳುತ್ತವೆ, ಇಳಿಯುತ್ತವೆ. ನಾವು ಏನು ತಿನ್ನುತ್ತೇವೆ ಎಂದು ನಿಮಗೆ ಕುತೂಹಲವಿದ್ದರೆ, ಕಗ್ಗದ ಗಂಜಿ, ಬಳಚು ಎಂಬ ಚಿಪ್ಪುಮೀನು, ಒಣಮೀನು. ಮನೆಗಳು ಕಂಬದ ಮೇಲಿವೆ. ಮಕ್ಕಳು ನಡೆಯುವುದಕ್ಕೆ ಮೊದಲು ಈಜು ಕಲಿಯುತ್ತಾರೆ. ದೊಡ್ಡವರಾದ ಮೇಲೂ ಮಲಗುವಾಗ ಒಂದು ಕಿವಿಯನ್ನು ನೆಲಕ್ಕೆ ಕೊಟ್ಟೇ ಮಲಗುತ್ತಾರೆ, ನೀರಿನ ಸದ್ದು ಕೇಳಿಸಲಿ ಎಂದು. ಇದು ಭಯ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮಲಗುವ ರೀತಿಯೇ ಅದು ಎಂದುಕೊಂಡಿದ್ದೇವೆ.

ನೀವು ಮೇಜಿನ ಮೇಲೆ ಇಟ್ಟುಹೋದ ಕಂಪ್ಯೂಟರ್ ತುಕ್ಕು ಹಿಡಿದು ಎಷ್ಟೋ ತಲೆಮಾರಾಯಿತು. ಅದು ಸಾಯುವ ಮೊದಲು ನಮ್ಮ ಹಿರಿಯರು ಅದರ ಒಳಗಿದ್ದುದನ್ನೆಲ್ಲ ಇದ್ದ ಹಾಗೇ ಎತ್ತಿ ಬೇರೆ ಯಂತ್ರದೊಳಗೆ ಇಳಿಸಿದರು. ಆ ಯಂತ್ರ ಹಳತಾದಾಗ ಇನ್ನೊಂದಕ್ಕೆ ಇಳಿಸಿದರು. ಹೊರಗಿನ ಯಂತ್ರ ಬದಲಾಗುತ್ತ ಬಂತು, ಒಳಗೆ ನಿಮ್ಮ ಕಂಪ್ಯೂಟರೇ ಇದೆ ಎಂದು ನಿಮ್ಮ ಸಾಫ್ಟ್‌ವೇರ್ ನಂಬಿಕೊಂಡಿದೆ. ಇದನ್ನು ನಾವು ಒಳಯಂತ್ರ ಎನ್ನುತ್ತೇವೆ. ದಿನವೂ ಬೆಳಗಾದಾಗ ಅದು ಹೊಸದಾಗಿ ಕಣ್ಣು ಬಿಡುತ್ತದೆ, ಪ್ರತಿಸಲವೂ ಅದೇ ಶುಕ್ರವಾರದ ಸಂಜೆಗೆ, ನೀವು ಎರಡು ಕಿಟಕಿಗಳನ್ನೂ ತೆರೆದಿಟ್ಟು ಕೈತೊಳೆದುಕೊಂಡ ಆ ಹೊತ್ತಿಗೆ. ಇದರೊಳಗೆ ಬರೆದದ್ದು ನಿಮಗೆ ತಲುಪುತ್ತದೆ ಎಂದು ನಮ್ಮೂರಿನ ಅರ್ಧ ಜನ ನಂಬುತ್ತಾರೆ. ಮಕ್ಕಳಾಗಲಿ, ಬಾಗಿಲು ಕಾಯಲಿ, ನೆಗಡಿ ವಾಸಿಯಾಗಲಿ ಎಂದೆಲ್ಲ ನಿಮಗೆ ಬರೆಯುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹಿಡಿಶಾಪ ಹಾಕುವುದಕ್ಕೆ ಬೇರೆ ಯಾರೂ ಉಳಿದಿಲ್ಲ.

ತೆರೆಯ ಎಡಕ್ಕೆ ಒಂದು ಕಿಟಕಿ. ಹೊಳೆಬಾಯಿಯ ನೀರು ಎಷ್ಟು ಏರಿದೆ ಎಂಬುದು ಅದರಲ್ಲಿ ಅಂಕಿಯಾಗಿ ಬರುತ್ತದೆ. ಇದು ಅಳತೆ ಕಿಟಕಿ. ಬಲಕ್ಕೆ ಇನ್ನೊಂದು. ಅದರಲ್ಲಿ ಖಾಲಿ ಚೌಕ ಇದೆ. ನೀರಿನ ಎತ್ತರವನ್ನು ಅಲ್ಲಿ ಇಟ್ಟರೆ ಅದು ಲೆಕ್ಕ ಹಾಕಿ ಬಾಗಿಲುಗಳನ್ನು ಆಡಿಸುತ್ತದೆ. ಇದು ಬಾಗಿಲ ಕಿಟಕಿ. ಎರಡರ ನಡುವೆ ಒಂದು ಗೇಣು ಜಾಗ. ಒಂದೇ ಕಂಪ್ಯೂಟರ್, ಒಂದೇ ತೆರೆ, ಎರಡನ್ನೂ ಮಾಡಿದವರು ಒಬ್ಬರೇ. ಆದರೂ ಎಡಗಡೆಯದಕ್ಕೆ ಗೊತ್ತಿರುವುದು ಬಲಗಡೆಯದಕ್ಕೆ ಗೊತ್ತಿಲ್ಲ. ಒಂದೇ ಗೋಡೆಯ ಆಚೀಚೆ ಇದ್ದು ಮಾತು ಬಿಟ್ಟ ಓರಗಿತ್ತಿಯರಂತೆ ಕುಳಿತಿವೆ. ತೆರೆಯ ಮೂಲೆಯಲ್ಲಿ ನೀವು ಅಂಟಿಸಿದ ಹಳದಿ ಚೀಟಿಯೊಂದಿದೆ, ಕಾಗದದ್ದಲ್ಲ, ತೆರೆಯೊಳಗಿನದೇ. 'ಸದ್ಯಕ್ಕೆ ಅಳತೆಯನ್ನು ಕಾಪಿ ಮಾಡಿ ಗೇಟ್ ಸಾಫ್ಟ್‌ವೇರ್‌ನಲ್ಲಿ ಪೇಸ್ಟ್ ಮಾಡುವುದು. ಕೈಯಿಂದ ಟೈಪ್ ಮಾಡಬಾರದು, ತಪ್ಪಾಗುತ್ತದೆ. ತಾತ್ಕಾಲಿಕ ವ್ಯವಸ್ಥೆ.' ನಿಮಗೆ ಈ ಮಾತು ಬರೆಯಲು ಚಹಾ ಆರುವಷ್ಟು ಹೊತ್ತೂ ಹಿಡಿದಿರಲಿಕ್ಕಿಲ್ಲ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೇಳುವುದು ಇದನ್ನೇ. ತಾತ್ಕಾಲಿಕ ಎಂದರೆ ನಮ್ಮ ಮಾತಿನಲ್ಲಿ ಯಾವತ್ತೂ ಬದಲಾಗದ್ದು ಎಂದರ್ಥ. ಒಡ್ಡನ್ನು, ಸಾವನ್ನು, ತಾಯಿಯ ಮಮತೆಯನ್ನು ನಾವು ತಾತ್ಕಾಲಿಕ ಎನ್ನುತ್ತೇವೆ. ನಗು ಬಂದರೆ ನಕ್ಕುಬಿಡಿ.

ಅಂಕಿಯನ್ನು ಎಡದಿಂದ ಬಲಕ್ಕೆ ದಾಟಿಸುವ ಕೆಲಸಕ್ಕೆ ಯಾರಾದರೂ ಬೇಕಲ್ಲ. ಮೊದಮೊದಲು ಯಾರು ಸಿಕ್ಕಿದರೆ ಅವರು ಮಾಡುತ್ತಿದ್ದರಂತೆ. ಆಮೇಲೆ ಚೆನ್ನಾಗಿ ಮಾಡುವ ಒಬ್ಬರು, ಆಮೇಲೆ ಅವರ ಮಗಳು, ಆಮೇಲೆ ಅವರ ಮನೆಯವರು. ಈಗ ನಾವೊಂದು ಜಾತಿ. ಸಾಗಣೆಯವರು ಎನ್ನುತ್ತಾರೆ. ನೀವು ಕಾಪಿ ಎನ್ನುತ್ತಿದ್ದುದು ನಮಗೆ ಎತ್ತುವುದು, ಪೇಸ್ಟ್ ಎಂದರೆ ಇಡುವುದು. ಎತ್ತಿದ ಮೇಲೆ ಇಡುವ ತನಕ ಅಂಕಿ ಇರುವ, ಯಾರ ಕಣ್ಣಿಗೂ ಕಾಣದ ಜಾಗಕ್ಕೆ ಚೀಲ ಎಂದು ಹೆಸರು. ಆ ಚೀಲದಲ್ಲಿ ಒಂದೇ ವಸ್ತು ಹಿಡಿಸುತ್ತದೆ. ಎರಡನೆಯದನ್ನು ಎತ್ತಿದರೆ ಮೊದಲನೆಯದು ಸದ್ದಿಲ್ಲದೆ ಸಾಯುತ್ತದೆ. ಒಂದು ಗಂಟೆ ಬಾರಿಸುವುದಿಲ್ಲ, ಒಂದು ಮಾತು ಕೇಳುವುದಿಲ್ಲ. ಇಂಥ ಚೀಲವನ್ನು ಮಾಡಿದವರು ಬೇರೆ ಯಾರೋ ಇರಬಹುದು, ಅದರ ಮೇಲೆ ಒಂದು ಊರಿನ ಉಸಿರನ್ನು ನೇತುಹಾಕಿದವರು ನೀವು. ಹಾಗಾಗಿ ಸಾಗಣೆಯವರ ಮನೆಯಲ್ಲಿ ಎರಡು ಕೈಯಲ್ಲಿ ಎರಡು ವಸ್ತು ಹಿಡಿಯುವುದು ನಿಷಿದ್ಧ. ಊಟದಲ್ಲಿ ಅನ್ನ ಮುಗಿದ ಮೇಲೆ ಸಾರು, ಸಾರು ಮುಗಿದ ಮೇಲೆ ಮೀನು. ಹೆಣ್ಣು ನೋಡಲು ಬಂದವರು ಒಂದೇ ಪ್ರಶ್ನೆ ಕೇಳಬೇಕು. ನಮ್ಮವರು ನಮ್ಮವರನ್ನೇ ಮದುವೆಯಾಗಬೇಕು, ಬೇರೆಯವರ ಗದ್ದಲ ರಕ್ತಕ್ಕೆ ಸೇರಬಾರದು ಎಂದು. ಅಂಕಿ ಎತ್ತುವಾಗ ಸಾಗಣೆಯವಳ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ, ಇಡುವ ತನಕ ಅವಳು ಉಸಿರಾಡುವುದು ಬಿಟ್ಟು ಬೇರೇನೂ ಮಾಡಬಾರದು.

ನಡುವಿನ ಆ ಹೊತ್ತಿನಲ್ಲಿ ಅಂಕಿ ಎಲ್ಲಿರುತ್ತದೆ ಎಂಬುದರ ಮೇಲೆ ನಮ್ಮಲ್ಲಿ ಎರಡು ಪಂಥಗಳಾಗಿ, ಬಾಯಿಜಗಳವಾಗಿ, ಕೊನೆಗೆ ಕೈಕೈ ಮಿಲಾಯಿಸಿ ಒಬ್ಬನ ಹಲ್ಲು ಉದುರಿದೆ. ಸಾಗಣೆಯವಳ ಅಂಗೈಯಲ್ಲಿರುತ್ತದೆ ಎಂದು ಒಂದು ಗುಂಪು, ಮೌಸಿನ ಹೊಟ್ಟೆಯಲ್ಲಿ ಎಂದು ಇನ್ನೊಂದು. ಮೌಸಿನ ಪಂಥದವರು ಇಲಿಗೆ ಕಲ್ಲು ಹೊಡೆಯುವುದಿಲ್ಲ. ಇನ್ನು ನಿಮ್ಮ ಮಂಕು ಸಾಲಿನ ವಿಷಯ. ಬಾಗಿಲ ಕಿಟಕಿಯ ಪಟ್ಟಿಯೊಂದನ್ನು ಇಳಿಸಿದರೆ ಅದರಲ್ಲಿ 'ಅಳತೆಯೊಂದಿಗೆ ನೇರ ಜೋಡಣೆ' ಎಂಬ ಸಾಲಿದೆ. ಬೇರೆ ಸಾಲುಗಳು ಕಪ್ಪು, ಇದೊಂದು ಬೂದಿ ಬಣ್ಣ. ಒತ್ತಿದರೆ ಏನೂ ಆಗುವುದಿಲ್ಲ. ಅದರ ಮೇಲೆ ಬಾಣವನ್ನು ನಿಲ್ಲಿಸಿದರೆ 'ಮುಂದಿನ ಆವೃತ್ತಿಯಲ್ಲಿ ಜೋಡಿಸಲಾಗುವುದು' ಎಂದು ತೋರಿಸುತ್ತದೆ. ಯುಗಾದಿಯ ದಿನ ಇಡೀ ಊರು ಸ್ನಾನ ಮಾಡಿ, ಆ ಸಾಲು ಕಪ್ಪಾಗಿದೆಯೇ ಎಂದು ನೋಡಲು ಬರುತ್ತದೆ. ಮುದುಕಿಯರು ಕಣ್ಣು ಕಿರಿದು ಮಾಡಿ, ಹೋದ ವರ್ಷಕ್ಕಿಂತ ಒಂಚೂರು ಕಪ್ಪಾದ ಹಾಗಿದೆ ಎನ್ನುತ್ತಾರೆ. ಸಣ್ಣವಳಿದ್ದಾಗ ನಾನೂ ಹಾಗೆ ಹೇಳಿದ್ದೆ. ನೀವು ಅರ್ಧ ಮಾಡಿ ಬಿಟ್ಟ ಕೆಲಸದ ಗುರುತು ಅದು, ದೇವರ ಮಾತಲ್ಲ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಅದನ್ನು ಪೂರ್ತಿ ಮಾಡೋಣ ಎಂದರೆ ಸಾಫ್ಟ್‌ವೇರ್‌ನ ಒಳಬರಹವನ್ನು, ಎಂದರೆ ನೀವು ನಿಮ್ಮ ಕೈಯಾರೆ ಬರೆದ ಮೂಲವನ್ನು, ನೀವು ನಿಮ್ಮ ಜೊತೆಗೇ ಒಯ್ದಿದ್ದೀರಿ. ನಮಗೆ ಬಿಟ್ಟದ್ದು ಅಡುಗೆ ಮಾತ್ರ, ಮಾಡುವ ಬಗೆಯನ್ನಲ್ಲ.

ಇಷ್ಟೆಲ್ಲ ಸಹಿಸಿಕೊಂಡೇ ಬಂದಿದ್ದೆವು. ಈಗ ನನ್ನ ಅಕ್ಕನ ವಿಷಯ ಹೇಳುತ್ತೇನೆ.

ಅಕ್ಕನ ಹೆಸರು ಮಾಸ್ತಮ್ಮ. ನಮ್ಮ ತಾಯಿ ತೀರಿಕೊಂಡ ಮೇಲೆ ಯಂತ್ರದ ಮುಂದಿನ ಕುರ್ಚಿ ಅವಳಿಗೆ ಬಂತು. ಅವಳಷ್ಟು ಮೆಲ್ಲಗೆ ಅಂಕಿ ಎತ್ತುವವರು ನಮ್ಮ ಮನೆಯಲ್ಲಿ ಹಿಂದೆ ಇರಲಿಲ್ಲ ಎಂದು ಊರೇ ಹೇಳುತ್ತಿತ್ತು. ಮನೆಯಲ್ಲಿ ಅವಳು ಮಹಾ ಮಾತುಗಾರ್ತಿ. ಬಟ್ಟೆ ಬಿಚ್ಚಿದ ಕೂಡಲೇ ಶುರು ಮಾಡುವಳು, ಮೀನು ಹೆಚ್ಚುತ್ತ ಯಾರ ಮನೆಯ ಜಗಳ, ಯಾರ ಸೊಸೆಯ ಕೊಂಕು ಎಲ್ಲ ಹೇಳಿ ಮುಗಿಸುವಳು. ಇಷ್ಟು ಮಾತಾಡುವವಳು ಕುರ್ಚಿಯಲ್ಲಿ ಹೇಗೆ ಸುಮ್ಮನಿರುತ್ತೀ ಎಂದು ಒಂದು ಸಲ ಕೇಳಿದ್ದಕ್ಕೆ, "ಅಲ್ಲಿ ಸುಮ್ನಿದ್ದದ್ದೇ ಇಲ್ಲಿ ಬಡ್ಡಿ ಸಮೇತ ಬರೂದು, ಮಳ್ಳಿ" ಎಂದಿದ್ದಳು. ನಾನು ಕಂಬ ನೋಡುವವಳು. ಒಡ್ಡಿನ ಹೊರಗೆ ನಿಲ್ಲಿಸಿದ ಕಲ್ಲುಕಂಬದಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ, ಅಳತೆ ಕಿಟಕಿ ಸುಳ್ಳು ಹೇಳುತ್ತಿಲ್ಲ ಎಂದು ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುವುದು ನನ್ನ ಕೆಲಸ.

ಈಗ ನೀವು ಗಮನವಿಟ್ಟು ಓದಬೇಕಾದ ಜಾಗ ಬಂತು. ಹಿಂದೊಮ್ಮೆ ಚೀಲದಲ್ಲಿ ಹಳೆಯ ಅಂಕಿ ಉಳಿದುಬಿಟ್ಟು, ಹೊಸದನ್ನು ಎತ್ತುವ ಕೈ ಜಾರಿ, ಹಳೆಯದನ್ನೇ ಮತ್ತೆ ಇಟ್ಟು ಅನಾಹುತವಾಗಿತ್ತು. ಅಂದಿನಿಂದ ನಮ್ಮಲ್ಲಿ ಚೀಲ ತೊಳೆಯುವ ಪದ್ಧತಿ ಬಂತು. ಅಂಕಿ ಎತ್ತುವ ಮೊದಲು ಸಾಗಣೆಯವಳು ತೆರೆಯ ಮೇಲಿನ ಒಂದು ಖಾಲಿ ಜಾಗವನ್ನು ಎತ್ತುತ್ತಾಳೆ. ಖಾಲಿ ಬಂದು ಕೂತರೆ ಹಳೆಯದು ಹೋಯಿತು, ಚೀಲ ಶುದ್ಧವಾಯಿತು. ತೊಳೆಯದೆ ಎತ್ತುವುದು ಮಹಾಪಾಪ. ತೊಳೆದಳೇ ಎಂದು ಕೇಳುವುದಕ್ಕೆಂದೇ ಊರಿನ ಯಜಮಾನ ಅಲ್ಲಿ ಕುಳಿತಿರುತ್ತಾನೆ. ನಮ್ಮ ಯಜಮಾನ ಜಟ್ಟಪ್ಪ ಒಳ್ಳೆಯ ಮನುಷ್ಯ, ಕೆಟ್ಟವನೆಂದು ನಾನು ಹೇಳುವುದಿಲ್ಲ. ಆವತ್ತು ಹುಣ್ಣಿಮೆಯ ಉಬ್ಬರ, ಹಾಡುಹಗಲು. ಅವನಿಗೆ ಸೆಕೆಗೆ ಜೊಂಪು ಹತ್ತಿತ್ತು. ಅಕ್ಕ ಚೀಲ ತೊಳೆದಳು, ನಾನು ನೋಡಿದೆ. ಅಂಕಿಯನ್ನು ಎತ್ತಿದಳು, ಅದನ್ನೂ ನೋಡಿದೆ. ಅವಳ ಕೈ ಎರಡು ಕಿಟಕಿಗಳ ನಡುವೆ ಇದ್ದಾಗ ಜಟ್ಟಪ್ಪ ಬೆಚ್ಚಿಬಿದ್ದು ಎದ್ದು, "ಚೀಲ ತೊಳೆದ್ಯೇನೆ?" ಎಂದ. ಬಟ್ಟೆ ಕಟ್ಟಿದವಳು ಉತ್ತರ ಕೊಡುವಂತಿಲ್ಲ. ತೊಳೆದಿದ್ದೇನೆ ಎಂದು ತಲೆ ಆಡಿಸುವಂತೆಯೂ ಇಲ್ಲ. ಯಜಮಾನ ಕೇಳಿದ ಮೇಲೆ ತೊಳೆದು ತೋರಿಸುವುದೊಂದೇ ಅವಳಿಗಿದ್ದ ದಾರಿ. ಹೆದರಿದ ಅಕ್ಕ ಖಾಲಿಯನ್ನು ಇನ್ನೊಂದು ಸಲ ಎತ್ತಿದಳು. ಆ ಕ್ಷಣದಲ್ಲಿ ಅಂಕಿ ಸತ್ತುಹೋಯಿತು. ಅವಳಿಗೆ ಅದು ಹೊಳೆಯಲಿಲ್ಲ. ಕೈ ಮೊದಲೇ ಬಲಕ್ಕೆ ಹೊರಟಿತ್ತು. ಇಟ್ಟಳು. ಇಟ್ಟದ್ದು ಖಾಲಿ.

ಮುರಳೀಧರ ಅವರೇ, ಚೌಕದಲ್ಲಿ ಏನೂ ಬರೆಯದಿದ್ದರೆ ನಿಮ್ಮ ಬಾಗಿಲ ಕಿಟಕಿ ಏನು ಮಾಡಬೇಕು? ಸುಮ್ಮನಿರಬೇಕು. ಅಥವಾ ಅಂಕಿ ಎಲ್ಲಿ ಎಂದು ಕೇಳಬೇಕು. ನೀವು ಅದಕ್ಕೆ ಹೇಳಿಕೊಟ್ಟದ್ದೇನೆಂದರೆ, ಏನೂ ಇಲ್ಲದಿದ್ದರೆ ಸೊನ್ನೆ ಎಂದು ತಿಳಿದುಕೋ. ಅಳೆದಿಲ್ಲ ಎಂಬುದಕ್ಕೂ ನೀರಿಲ್ಲ ಎಂಬುದಕ್ಕೂ ನಿಮಗೆ ವ್ಯತ್ಯಾಸ ಕಾಣಲಿಲ್ಲವೇ? ನಮ್ಮ ಕೇರಿಯ ಮೂರು ವರ್ಷದ ಕೂಸಿಗೆ ಗೊತ್ತು, ತಟ್ಟೆಗೆ ಇನ್ನೂ ಬಡಿಸಿಲ್ಲ ಎಂದರೆ ಮನೆಯಲ್ಲಿ ಅನ್ನವೇ ಇಲ್ಲ ಎಂದಲ್ಲ. ಹೊರಗೆ ಹುಣ್ಣಿಮೆಯ ಸಮುದ್ರ ಕಂಬದ ತಲೆ ಮುಟ್ಟುತ್ತಿತ್ತು. ನಿಮ್ಮ ಕಿಟಕಿ, ಹೊರಗೆ ನೀರೇ ಇಲ್ಲ ಎಂದುಕೊಂಡು ಎಲ್ಲ ಬಾಗಿಲುಗಳನ್ನೂ ಪೂರ್ತಿ ತೆರೆಯಿತು. ತೆರೆದು ಮುಗಿಯುವ ತನಕ ಅದು ಇನ್ನೊಂದು ಅಂಕಿಯನ್ನು ತೆಗೆದುಕೊಳ್ಳುವುದಿಲ್ಲ. ಅಕ್ಕ ಬಟ್ಟೆ ಕಿತ್ತೆಸೆದು, ಸರಿಯಾದ ಅಂಕಿಯನ್ನು ಮತ್ತೆ ಮತ್ತೆ ಎತ್ತಿ ಇಡುತ್ತಲೇ ಇದ್ದಳು, ಚೌಕ ಅದನ್ನು ಉಗುಳುತ್ತಲೇ ಇತ್ತು. ಬಾಗಿಲುಗಳು ಮತ್ತೆ ಮುಚ್ಚುವ ಹೊತ್ತಿಗೆ ಕೆಳಗೇರಿಯ ಮನೆಗಳ ಕಂಬ ಮುಳುಗಿ, ನೀರು ಜಗುಲಿಗೆ ಹತ್ತಿತ್ತು. ಹೊಸದಾಗಿ ಹೆತ್ತು ಮಲಗಿದ್ದ ನೀಲಿ ಎಂಬವಳೂ ಅವಳ ಕೂಸೂ ಸಿಗಲೇ ಇಲ್ಲ. ಕುಡಿಯುವ ಬಾವಿಗಳಿಗೆ ಉಪ್ಪು ಸೇರಿದೆ. ಕಗ್ಗ ಉಪ್ಪು ತಡೆಯುತ್ತದೆ, ಮನುಷ್ಯರ ಹೊಟ್ಟೆ ತಡೆಯುವುದಿಲ್ಲ.

ಊರು ಕೂಡಿತು. ನಾನು ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಡುವೆ ಮಾತಾಡಿದವನು ಯಜಮಾನ ಎಂದೆ. ಜಟ್ಟಪ್ಪ ಇಲ್ಲ ಎನ್ನಲಿಲ್ಲ. "ಕೇಳ್ದದ್ದು ಹೌದು. ಕೇಳೂದೇ ನನ್ನ ಕೆಲ್ಸ. ನನ್ನ ಬಾಯಿಗೆ ಬಟ್ಟೆ ಎಲ್ಲಿ ಅದೆ?" ಎಂದ. ಎಲ್ಲರೂ ಹೌದೆಂದು ತಲೆದೂಗಿದರು. ಹಾಗಾದರೆ ತೆರೆಯ ಮುಂದೆ ಬನ್ನಿ, ತೋರಿಸುತ್ತೇನೆ ಎಂದೆ. ಬಂದರು. ಅಳತೆಯನ್ನು ಎತ್ತಿದೆ, ಮೇಲೆ ಖಾಲಿಯನ್ನು ಎತ್ತಿದೆ, ಈಗ ನಾನು ಬರೆಯುತ್ತಿರುವ ಈ ಬರಹದ ಕಿಟಕಿಯಲ್ಲಿ ಇಟ್ಟು ತೋರಿಸಿದೆ. ಏನೂ ಬರಲಿಲ್ಲ. ನೋಡಿ, ತಪ್ಪು ಅಕ್ಕನದ್ದಲ್ಲ, ಮಾಡಿಟ್ಟ ರೀತಿಯದ್ದು. ಒಂದೇ ಹಿಡಿಸುವ ಚೀಲದಲ್ಲಿ ಊರನ್ನು ದಾಟಿಸು ಎಂದವನದ್ದು, ಖಾಲಿಯನ್ನು ಸೊನ್ನೆ ಎಂದವನದ್ದು ಎಂದೆ. ನೀರಿನಲ್ಲಿ ಹೋಮ ಮಾಡಿದಂತಾಯಿತು. ಅವರಿಗೆ ಕಂಡದ್ದು, ಕುರ್ಚಿಗೆ ಸೇರದ ನಾನು ಬಟ್ಟೆ ಕಟ್ಟದೆ ಅಂಕಿ ಮುಟ್ಟಿದ್ದು. ಒಬ್ಬ ಮುದುಕ ಅಳುತ್ತ, "ಮುರಳಪ್ಪ ಮಾಡಿಟ್ಟದ್ರಲ್ಲಿ ತಪ್ಪು ಅದೆ ಅಂದ್ರೆ, ನಾವು ರಾತ್ರಿ ಮಲಗೂದು ಹೆಂಗೆ ಮಗಾ?" ಎಂದು ಕೇಳಿದ. ಅವನಿಗೆ ಸಿಟ್ಟಿರಲಿಲ್ಲ. ಮುರಳಪ್ಪ ಎಂದರೆ ನೀವು.

ಒಡ್ಡಿನೊಳಗೆ ನೀರು ಬಿಟ್ಟವರಿಗೆ ನಮ್ಮಲ್ಲಿ ಒಂದೇ ಶಿಕ್ಷೆ. ಅಮಾವಾಸ್ಯೆಯ ದಿನ ನೀರು ಇಳಿದಾಗ ಅವರನ್ನು ಬಾಗಿಲ ಆಚೆಗೆ ಕಳಿಸುವುದು. ಆಚೆಗೆ ಕೆಸರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಅದರಾಚೆ ಹೊಳೆಬಾಯಿ. ನಡೆದು ಆಚೆ ದಂಡೆಯ ಗುಡ್ಡ ಮುಟ್ಟಿದರೆ ಬದುಕು. ಉಬ್ಬರ ಬಂದಾಗ ಬಾಗಿಲು ಮುಚ್ಚುತ್ತದೆ, ಕಾಂಡ್ಲಾದ ತುದಿಗಳೂ ಕಾಣುವುದಿಲ್ಲ. ಮುಟ್ಟಿದವರು ಇದ್ದಾರೆ ಎಂದು ಹೇಳುತ್ತಾರೆ. ಹೇಳುವವರು ಯಾರೂ ನೋಡಿದವರಲ್ಲ. ಅಕ್ಕನ ಮೊಣಕಾಲು ಈ ವರ್ಷವಿಡೀ ಊದಿಕೊಂಡೇ ಇದೆ, ಕೂತು ಕೂತು. ಇಷ್ಟು ಸಾಲದು ಎಂಬಂತೆ, ಇವತ್ತಿಗೆ ಖಾಲಿಯಾಗುವ ಕುರ್ಚಿಗೆ ಅದೇ ಮನೆಯವರು ಬರಬೇಕಲ್ಲ. ಮನೆಯಲ್ಲಿ ಉಳಿದವಳು ನಾನು. ಇವತ್ತಿನ ಉಬ್ಬರದ ಅಂಕಿಯನ್ನು ನಾನು ದಾಟಿಸಬೇಕು. ನಾನು ದಾಟಿಸಿದರೆ ಬಾಗಿಲು ಮುಚ್ಚುತ್ತದೆ, ಅಕ್ಕ ಆಚೆ. ದಾಟಿಸದಿದ್ದರೆ ಬಾಗಿಲು ತೆರೆದೇ ಇರುತ್ತದೆ, ಕೆಳಗೇರಿ ಮತ್ತೆ ಮುಳುಗುತ್ತದೆ. ಜಟ್ಟಪ್ಪ ನನ್ನ ಮುಖ ನೋಡದೆ ಇದನ್ನು ಹೇಳಿದ. ನೋಡದಿರಲಿ, ನನಗೆ ಅದರಿಂದ ಆಗಬೇಕಾದ್ದೇನಿಲ್ಲ.

ನಿಮ್ಮನ್ನು ನಾನು ಎಷ್ಟೋ ರೀತಿಯಲ್ಲಿ ಕಲ್ಪಿಸಿಕೊಂಡಿದ್ದೇನೆ. ದುಷ್ಟ ಎಂದುಕೊಳ್ಳಲು ನೋಡಿದೆ, ಆಗಲಿಲ್ಲ. ದುಷ್ಟನಾದವನು ಬೇಕೆಂದೇ ಮಾಡುತ್ತಾನೆ, ಮಾಡಿದ್ದು ನೆನಪಿಟ್ಟುಕೊಳ್ಳುತ್ತಾನೆ. ನೀವು ಮರೆತಿರಿ. ಶುಕ್ರವಾರವಾಗಿತ್ತು, ಬಸ್ಸು ಹಿಡಿಯಬೇಕಿತ್ತು, ಮಾತಾಡುವ ಎರಡು ಸಾಫ್ಟ್‌ವೇರ್‌ಗಳ ಬದಲು ಮಾತಾಡದ ಎರಡನ್ನು ಬಿಟ್ಟು, ನಡುವೆ ಒಬ್ಬ ಮನುಷ್ಯನನ್ನು ಕೂರಿಸಿದರೆ ಸದ್ಯಕ್ಕೆ ಸಾಕು ಎನಿಸಿತು. ಮನುಷ್ಯರು ಹೇಗೂ ಸಿಗುತ್ತಾರೆ, ಅಗ್ಗವಾಗಿ. ಸೋಮವಾರ ಬಂದು ನೋಡಿದರಾಯಿತು ಎಂದುಕೊಂಡಿರಿ. ಸೋಮವಾರ ಬೇರೆ ಯಾವುದೋ ಊರಿನ ಬೇರೆ ಯಾವುದೋ ಕೆಲಸ ಬಂತು. ಈ ಊಹೆ ತಪ್ಪಿರಬಹುದು. ತಪ್ಪಾದರೆ ನನಗೆ ಬೇಸರವಿಲ್ಲ, ನಿಮ್ಮ ಪಾಲಿಗೆ ಇದಕ್ಕಿಂತ ಒಳ್ಳೆಯ ಕಾರಣವೊಂದು ಇತ್ತೆಂದು ತಿಳಿದರೂ ನನ್ನ ದ್ವೇಷ ಒಂದು ಎಳೆಯೂ ಕಡಿಮೆಯಾಗದು. ನಿಮ್ಮ ಹೆಸರಿನ ಮುಂದೆ ನಮ್ಮ ಹೆಂಗಸರು ಇಟ್ಟ ದೀಪಗಳನ್ನು ನೋಡಿದರೆ ಮೈ ಉರಿಯುತ್ತದೆ.

ಇವತ್ತು ಬೆಳಿಗ್ಗೆ ಅಕ್ಕನಿಗೆ ಗಂಜಿ ಬಡಿಸುವಾಗ ಹೇಳಿದೆ, ನಿಮಗೆ ಬರೆಯುತ್ತೇನೆ ಎಂದು. ನೀವು ಆ ಮಂಕು ಸಾಲನ್ನು ಆಗಲೇ ಪೂರ್ತಿ ಮಾಡಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಎಡದ್ದು ಬಲದ್ದಕ್ಕೆ ತಾನೇ ಹೇಳುತ್ತಿತ್ತು. ಕುರ್ಚಿ ಇರುತ್ತಿರಲಿಲ್ಲ, ಸಾಗಣೆಯವರು ಎಂಬ ಜಾತಿ ಇರುತ್ತಿರಲಿಲ್ಲ. ನಮ್ಮ ಅಜ್ಜಿ ನಮ್ಮ ಅಜ್ಜನನ್ನು ಮದುವೆಯಾಗುವ ಕಾರಣವೇ ಇರಲಿಲ್ಲ, ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಅಂದರೆ ನಾವಿಬ್ಬರೂ ಹುಟ್ಟುತ್ತಿರಲಿಲ್ಲ. ಅಕ್ಕ ಗಂಜಿಯ ಕೊನೆಯ ಗುಟುಕು ಕುಡಿದಳು. ಆಮೇಲೆ, "ನೀಲಿ ಕೂಸು ಇರ್ತಿತ್ತು. ಬರಿ" ಎಂದಳು. ನಾನು ಅತ್ತೆ. ಅವಳು ಅಳಲಿಲ್ಲ. ಬಟ್ಟಲು ತೊಳೆದು ಬೋರಲು ಹಾಕಿದಳು.

ನೀರು ಇಳಿದಾಗ ಅವಳನ್ನು ಬಾಗಿಲ ತನಕ ಬಿಟ್ಟುಬಂದೆ. ಊರಿನವರು ಒಡ್ಡಿನ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು, ಅದು ಪದ್ಧತಿ. ಅವಳು ಸೀರೆ ಎತ್ತಿ ಕಟ್ಟಿಕೊಂಡು, ನನ್ನ ಕೆನ್ನೆಯ ಮೇಲಿನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಹೇಳಿದಳು: "ನೀರು ಬಂದ ಮೇಲೆ ಕೈ ತಡ ಮಾಡ್ಬೇಡ ತಂಗಿ. ನಂಗೋಸ್ಕರ ಕಾಯೂದು ಬೇಡ. ಕೆಳಗೇರಿಲಿ ಮಕ್ಕಳವೆ." ಅಷ್ಟೇ. ಅಷ್ಟು ಮಾತಾಡುವ ಅಕ್ಕ ಅಷ್ಟೇ ಮಾತಾಡಿ ಕೆಸರಿಗೆ ಇಳಿದಳು. ಇಲ್ಲಿಗೆ ಬಂದು ಕೂತಾಗಿನಿಂದ ನಾನು ಬರೆಯುತ್ತಲೇ ಇದ್ದೇನೆ. ಮಧ್ಯೆ ಒಂದೆರಡು ಸಲ ಎದ್ದು ಹೊರಗೆ ನೋಡಿದೆ. ಕಾಂಡ್ಲಾದ ನಡುವೆ ಅವಳ ತಲೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಬಲಗಾಲನ್ನು ಎಳೆಯುತ್ತಿದ್ದಳು.

ಎಡಗಡೆಯ ಅಂಕಿ ಏರಲು ಶುರುವಾಗಿದೆ. ಜಟ್ಟಪ್ಪ ಬಿಳಿ ಬಟ್ಟೆ ಹಿಡಿದು ಹಿಂದೆ ನಿಂತಿದ್ದಾನೆ. ಇನ್ನು ಹೆಚ್ಚು ಬರೆಯಲಾರೆ. ನಾನು ನಿಮ್ಮನ್ನು ಕ್ಷಮಿಸುವುದಿಲ್ಲ, ಅದು ನಿಮಗೆ ಬೇಕಾಗಿಯೂ ಇರಲಿಕ್ಕಿಲ್ಲ. ನಿಮ್ಮ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ ಎಂದು ಹಾರೈಸಿ ಮುಗಿಸುವುದು ವಾಡಿಕೆ, ಅದನ್ನೂ ಮಾಡುವುದಿಲ್ಲ. ಒಂದು ಕೆಲಸ ಮಾತ್ರ ಹೇಳುತ್ತೇನೆ. ನಾನು ಕೂತಿರುವ ಈ ಯಂತ್ರದೊಳಗೆ ಇನ್ನೂ ನಿಮ್ಮ ಶುಕ್ರವಾರವಿದೆ. ಎರಡು ಕಿಟಕಿಗಳೂ ತೆರೆದಿವೆ, ಹಳದಿ ಚೀಟಿಯನ್ನು ಈಗಷ್ಟೇ ಅಂಟಿಸಿದ್ದೀರಿ, ಮನೆಗೆ ಹೊರಡಲು ನಿಮ್ಮ ಹೆಗಲಚೀಲಕ್ಕೆ ಕೈ ಚಾಚಿದ್ದೀರಿ. ನನ್ನ ಅಕ್ಕ ಇನ್ನೂ ದಂಡೆ ಮುಟ್ಟಿಲ್ಲ, ನಾನು ಅವಳ ಹಿಂದೆ ಬಾಗಿಲು ಹಾಕಲು ಕೂರುತ್ತಿದ್ದೇನೆ. ನೀವು ಇನ್ನೂ ಕುರ್ಚಿಯಿಂದ ಎದ್ದಿಲ್ಲ.

ಏಳಬೇಡಿ.

ಮಾದೇವಿ